ಅಡಿಗೆಮನೆಯಲ್ಲಿ ಬಚ್ಚಿಟ್ಟ ಹಾಳೆ

ಮಕ್ಕಳಿಗೆ ಓದಿನ ರುಚಿಯನ್ನು ಹತ್ತಿಸುವುದು ಹೇಗೆಂದು ಗೃಹಸ್ಥರಾದವರು ಮೇಲಿಂದ ಮೇಲೆ ಕೇಳುವುದುಂಟು. ಒಳ್ಳೆಯ ಪುಸ್ತಕಗಳನ್ನು ಕೊಂಡು ತಂದುದಾಯಿತು, ಬೀರುವಿನಲ್ಲಿ ಸಾಲಾಗಿ ಜೋಡಿಸಿದುದಾಯಿತು, ದಿನಕ್ಕೆ ಇಷ್ಟು ಪುಟವೆಂದು ಕಟ್ಟುಮಾಡಿದುದೂ ಆಯಿತು. ಆದರೂ ಹುಡುಗನು ಅತ್ತ ತಿರುಗಿಯೂ ನೋಡನೆಂದು ಅವರ ದೂರು. ಇದಕ್ಕೆ ಉಪಾಯ ಹೇಳುವ ಪಂಡಿತರು ಬೇಕಾದಷ್ಟು ಮಂದಿ ಇದ್ದಾರೆ. ನಮಗೆ ತೋರುವುದು ಮಾತ್ರ ಬೇರೆ. ಓದಿನ ರುಚಿಯು ಒಬ್ಬರು ಮತ್ತೊಬ್ಬರಿಗೆ ಕೊಡುವ ವಸ್ತುವಲ್ಲ. ಬೇಕಾದವರು ತಾವಾಗಿ ತೆಗೆದುಕೊಳ್ಳತಕ್ಕದ್ದು, ಎಷ್ಟೋ ವೇಳೆ ಕದ್ದು ತೆಗೆದುಕೊಳ್ಳತಕ್ಕದ್ದು. ಹೀಗೆ ನಿಜವಾಗಿಯೂ ಕದ್ದು ಓದಿದ ಗೃಹಿಣಿಯೊಬ್ಬಳ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆಕೆಯ ಹೆಸರು ರಾಸಸುಂದರೀ ದೇವಿ. 1810ರ ಸುಮಾರಿಗೆ ಬಂಗಾಳದ ಪಾಬ್ನಾ ಜಿಲ್ಲೆಯ ಪೋತಾಜಿಯಾ ಎಂಬ ಗ್ರಾಮದಲ್ಲಿ ಹುಟ್ಟಿದವಳು. ಆ ಊರು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ಚಿಕ್ಕಂದಿನಲ್ಲಿ ಆಕೆಯ ಮನೆಯ ಹೊರಭಾಗದಲ್ಲಿಯೇ ಹುಡುಗರ ಪಾಠಶಾಲೆಯೊಂದು ನಡೆಯುತ್ತಿದ್ದಿತು. ಹೆಣ್ಣುಮಗುವಿಗೆ ಅಲ್ಲಿ ಪಾಠವಿಲ್ಲ. ಆದರೂ ಸುಮ್ಮನೆ ಒಂದು ಕಡೆ ಕುಳಿತಿರುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಹುಡುಗರು ನೆಲದ ಮೇಲೆ ಅಕ್ಷರಗಳನ್ನು ತಿದ್ದುತ್ತ ಗಟ್ಟಿಯಾಗಿ ಕೂಗುವುದನ್ನು ಆಕೆ ಕೇಳಿಕೊಂಡು ಕುಳಿತಿರುವಳು. ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ಫರೀದಪುರದ ಕಡೆಯ ರಾಮದಿಯಾ ಎಂಬಲ್ಲಿಗೆ ಬಂದಳು. ದೊಡ್ಡ ಸಂಸಾರ. ಅತ್ತೆಯವರಿಗೆ ಕಣ್ಣು ಹೋದ ಮೇಲೆ ಅಡಿಗೆ, ದೇವರ ನೈವೇದ್ಯ, ಅತಿಥಿಸತ್ಕಾರ ಎಲ್ಲವೂ ಸೊಸೆಯ ಪಾಲಿಗೆ ಬಂದುವು. ಹದಿನೆಂಟನೆಯ ವರ್ಷದಿಂದ ನಲವತ್ತೊಂದರವರೆಗೆ ಹನ್ನೆರಡು ಮಂದಿ ಮಕ್ಕಳಾದರು. ಒಮ್ಮೆ ಎರಡು ದಿನ ಹೊಟ್ಟೆಗೆ ಅನ್ನ ಬೀಳಲಿಲ್ಲ. ಬಡತನದಿಂದಲ್ಲ, ಬಡಿಸುವವಳಿಗೆ ಕುಳಿತು ಉಣ್ಣಲು ಪುರಸತ್ತು ಸಿಕ್ಕದೆ. ಆ ಸಂಗತಿ ಮನೆಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ಇಂಥವಳಿಗೆ ಪುಸ್ತಕ ಓದಬೇಕೆಂಬ ಆಸೆ ಹುಟ್ಟಿತು. ಆ ಕಾಲದಲ್ಲಿ ಇದು ಹೇಳಿಕೊಳ್ಳುವಂತಹ ಆಸೆಯಲ್ಲ. ಹೆಂಗಸರು ಓದತೊಡಗಿದರೆ ಕುಲಕ್ಕೆ ಕೇಡು, ಕಲಿಯು ಪ್ರಬಲಿಸಿದುದರ ಗುರುತು ಅದೇ, ಎಂದು ಹಿರಿಯರು ಆಡಿಕೊಳ್ಳುತ್ತಿದ್ದ ದಿನಗಳು. ಆಕೆಗೆ ಒಂದು ರಾತ್ರಿ ತಾನು ಚೈತನ್ಯ ಭಾಗವತವನ್ನು ಓದುತ್ತಿರುವಂತೆ ಸ್ವಪ್ನವಾಯಿತು. ಎಚ್ಚರವಾದ ಮೇಲೆ ಯೋಚಿಸುತ್ತಾಳೆ: ಆ ಗ್ರಂಥವನ್ನು ತಾನು ಕಂಡುದೇ ಇಲ್ಲ, ಕಂಡರೂ ಗುರುತಿಸಲಾರಳು. ಅದೇ ದಿನ ಗಂಡನು ಹಿರಿಯ ಮಗನನ್ನು ಕರೆದು, ಚೈತನ್ಯ ಭಾಗವತವನ್ನು ಇಲ್ಲಿ ಇಟ್ಟಿರುತ್ತೇನೆ, ಕೇಳಿದಾಗ ತಂದುಕೊಡು ಎಂದು ಹೇಳಿದ ಮಾತು ಅಡಿಗೆಮನೆಯಲ್ಲಿದ್ದವಳ ಕಿವಿಗೆ ಬಿದ್ದಿತು. ಆಗಿನ ಗ್ರಂಥಗಳು ಹೊಲಿದು ಕಟ್ಟಿದವಲ್ಲ. ಬಿಡಿ ಹಾಳೆಗಳನ್ನು ಎರಡು ಮರದ ಹಲಗೆಗಳ ನಡುವೆ ಇಟ್ಟು ಕಟ್ಟುತ್ತಿದ್ದರು. ಹಲಗೆಯ ಮೇಲಿನ ಚಿತ್ರವನ್ನು ಗುರುತಿಟ್ಟುಕೊಂಡು, ಯಾರೂ ಇಲ್ಲದ ವೇಳೆಯಲ್ಲಿ ಆಕೆ ಒಂದೇ ಒಂದು ಹಾಳೆಯನ್ನು ಹೊರಗೆ ಎಳೆದಳು.

ಹಾಳೆಯೇನೋ ಬಂದಿತು, ಇಡುವುದೆಲ್ಲಿ? ಯಾರಾದರೂ ಕಂಡರೆ ಏನು ಗತಿ? ಕಡೆಗೆ ಯಾರೂ ಕೈಹಾಕಿ ನೋಡದ ಸ್ಥಳವು ಅಡಿಗೆಮನೆಯೇ ಎಂದು ನಿಶ್ಚಯಿಸಿ ಅಲ್ಲಿಯೇ ಬಚ್ಚಿಟ್ಟಳು. ಹಿರಿಯ ಮಗನು ಅಕ್ಷರ ತಿದ್ದುತ್ತಿದ್ದ ತಾಳೆಗರಿಯೊಂದನ್ನೂ ಅಡಗಿಸಿಕೊಂಡಳು. ಒಲೆಯ ಮುಂದೆ ಕುಳಿತಾಗ ಎಡಗೈಯಲ್ಲಿ ಹಾಳೆ, ಮುಸುಕಿನ ಮರೆಯಲ್ಲಿ ಒಂದು ನೋಟ. ತಾಳೆಗರಿಯ ಅಕ್ಷರವನ್ನು ಹಾಳೆಯ ಅಕ್ಷರಕ್ಕೆ ಹೋಲಿಸುವುದು, ಅದನ್ನು ಬಾಲ್ಯದಲ್ಲಿ ಕೇಳಿದ ಕೂಗಿನೊಡನೆ ಸರಿಹಾಕುವುದು. ಕಲಿಸುವವರಿಲ್ಲ, ತಿದ್ದುವವರಿಲ್ಲ. ಬಹುಕಾಲದ ಮೇಲೆ, ತಡವರಿಸುತ್ತ ತಡವರಿಸುತ್ತ, ಆಕೆ ಗ್ರಂಥವನ್ನೇ ಓದಬಲ್ಲವಳಾದಳು. ಆಗ ಆಕೆಗೆ ಇಪ್ಪತ್ತೈದು ವರ್ಷ ದಾಟಿದ್ದಿತು. ಕಲ್ಕತ್ತೆಯಲ್ಲಿ ಬೆಥೂನ್ ಸಾಹೇಬನು ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದುದು 1849ರಲ್ಲಿ; ಅದಕ್ಕೆ ಎಷ್ಟೋ ವರ್ಷ ಮೊದಲೇ ಈ ಅಡಿಗೆಮನೆಯ ಶಾಲೆಯು ಮುಗಿದಿದ್ದಿತು. ಮುಂದೆ ವಿಷಯವು ನಾದಿನಿಯರಿಗೆ ತಿಳಿದಾಗ ಅವರು ಕೋಪಿಸಲಿಲ್ಲ, ಸಂತೋಷಪಟ್ಟರು. ಅಷ್ಟು ವರ್ಷ ಅಂಜಿದುದು ಯಾರಿಗೆಂದು ಕೇಳಿದರೆ ಉತ್ತರ ಸುಲಭವಲ್ಲ.

ಇದೆಲ್ಲವೂ ನಮಗೆ ತಿಳಿದುದು ಹೇಗೆ? ಆಕೆಯೇ ಬರೆದಿಟ್ಟುದರಿಂದ. ‘ಆಮಾರ್ ಜೀಬನ್’, ಎಂದರೆ ‘ನನ್ನ ಜೀವನ’, ಎಂಬ ಆಕೆಯ ಪುಸ್ತಕವು 1876ರಲ್ಲಿ ಅಚ್ಚಾಯಿತು. ಬಂಗಾಳಿ ಭಾಷೆಯಲ್ಲಿ ಸ್ತ್ರೀಯೊಬ್ಬಳು ಬರೆದ ಮೊದಲ ಆತ್ಮಚರಿತ್ರೆಯೆಂದು ಅದಕ್ಕೆ ಹೆಸರು. ಅದರಲ್ಲಿ ಯುದ್ಧಗಳಿಲ್ಲ, ದರಬಾರುಗಳಿಲ್ಲ. ಒಂದು ಕುದುರೆ ಇದೆ. ಗಂಡನ ಸವಾರಿಯ ಕುದುರೆ. ಜಯಹರಿ ಎಂದು ಅದರ ಹೆಸರು. ಅಂಗಳದಲ್ಲಿ ರಾಶಿ ಹಾಕಿದ ಭತ್ತವನ್ನು ಅದು ಬಂದು ತಿನ್ನುತ್ತಿದ್ದರೂ, ಯಜಮಾನರ ಕುದುರೆಯ ಕಣ್ಣಿಗೆ ತಾನು ಬೀಳುವುದು ಹೇಗೆಂದು ನಾಚಿ ಆಕೆ ಬಾಗಿಲ ಮರೆಯಲ್ಲಿಯೇ ನಿಂತಳಂತೆ! ನಗು ಬರುತ್ತದೆ, ನಗುವು ಮುಗಿಯುವ ಮೊದಲೇ ಎದೆಯು ಭಾರವಾಗುತ್ತದೆ. ಆ ಶತಮಾನದ ಬಂಗಾಳವನ್ನು ಕುರಿತು ದೊಡ್ಡ ದೊಡ್ಡ ಇತಿಹಾಸಗಳುಂಟು. ಕಾನೂನುಗಳು, ಸಭೆಗಳು, ಸುಧಾರಕರ ಭಾಷಣಗಳು ಅವುಗಳಲ್ಲಿ ದೊರೆಯುತ್ತವೆ. ಭತ್ತ ತಿನ್ನುವ ಕುದುರೆಯ ಮುಂದೆ ನಡುಗುತ್ತ ನಿಂತ ಹೆಂಗಸು ಮಾತ್ರ ಈ ಸಣ್ಣ ಪುಸ್ತಕದಲ್ಲಿಯೇ ದೊರೆಯಬೇಕು.

ಸ್ವಂತ ಅನುಭವವನ್ನು ಸ್ವಂತ ಮಾತಿನಲ್ಲಿ ಹೇಳಿಕೊಂಡ ಬರಹಗಳ ಮೇಲೆ ನಮಗೆ ಇಷ್ಟು ಮೋಹವೇಕೆಂಬುದು ಇದರಿಂದ ವಾಚಕರಿಗೆ ಹೊಳೆದಿರಬಹುದು. ಮಹಾಕಾವ್ಯವನ್ನು ಓದುವಾಗ ನಾವು ಸಭಿಕರಂತೆ ಕೆಳಗೆ ಕುಳಿತು ಕೇಳುತ್ತೇವೆ. ಇಂಥ ಬರಹವನ್ನು ಓದುವಾಗಲಾದರೋ ಯಾರೋ ಒಬ್ಬರು ಜಗಲಿಯ ಮೇಲೆ ನಮ್ಮ ಪಕ್ಕದಲ್ಲಿ ಕುಳಿತು, ಎಲೆಯಡಿಕೆಯ ತಟ್ಟೆಯನ್ನು ನಡುವೆ ಇಟ್ಟುಕೊಂಡು, ತಮ್ಮ ಮನೆಯ ಸಂಗತಿಯನ್ನು ಹೇಳಿದಂತಾಗುತ್ತದೆ. ಅವರು ದೊಡ್ಡವರಾಗಿರಬೇಕೆಂಬ ನಿಯಮವಿಲ್ಲ; ಬಚ್ಚಿಡದೆ ಹೇಳಿದರೆ ಸಾಕು. ಕನ್ನಡದಲ್ಲಿಯೂ ಈ ರುಚಿಗೆ ಕೊರತೆಯಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’ 1930ರಲ್ಲಿ ಬಂದಿತು, ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ 1948ರಲ್ಲಿ. ದಪ್ಪ ಕಾದಂಬರಿಯನ್ನು ಕಂಡು ಹೆದರುವವರೂ ಇಂಥವುಗಳನ್ನು ಹಿಡಿದರೆ ಕೆಳಗಿಡಲಾರರು. ಓದಿನ ಅಭ್ಯಾಸವಿಲ್ಲದ ಮನೆಯಲ್ಲಿ ಪ್ರಾರಂಭ ಮಾಡತಕ್ಕದ್ದು ಇವುಗಳಿಂದಲೇ ಎಂದು ನಮ್ಮ ಅಭಿಪ್ರಾಯ. ನೀತಿಗ್ರಂಥಗಳು ಕಾಯಬಲ್ಲವು, ಕಾಯುವುದು ಅವಕ್ಕೆ ಅಭ್ಯಾಸವೂ ಆಗಿದೆ.

ನಮ್ಮ ನಾಡಿನಲ್ಲಿ ಕದಿಯದೆಯೇ ಓದಿದವಳೊಬ್ಬಳ ಮಾತನ್ನೂ ಹೇಳಬೇಕು. ನಂಜನಗೂಡು ತಿರುಮಲಾಂಬಾ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ವಿಧವೆಯಾದರು. ತಂದೆಯವರು ಆ ಬಾಲೆಯನ್ನು ಮೂಲೆಯಲ್ಲಿ ಕೂಡಿಸದೆ ಪುಸ್ತಕಗಳನ್ನು ಕೈಗೆ ಕೊಟ್ಟರು. 1913ರಲ್ಲಿ ಆಕೆ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಪ್ರಾರಂಭಿಸಿ, ತಾವೇ ಬರೆದು ತಾವೇ ಪ್ರಕಟಿಸಿದರು. ತಂದೆಯು ಮಾಡಿದುದೇನು ದೊಡ್ಡ ಕೆಲಸವಲ್ಲ. ಪುಸ್ತಕವನ್ನು ಕೈಗೆಟಕುವಂತೆ ಇಟ್ಟುದು, ಓದುವಾಗ ಕರೆಯದೆ ಇದ್ದುದು, ಇಷ್ಟೇ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟವೆಂದು ನಾವು ಬಲ್ಲೆವು. ಇಂದಿನ ಮನೆಗಳಲ್ಲಿ ಹೆಂಗಸರು ಓದಿದರೆ ಕುಲಕ್ಕೆ ಕೇಡೆನ್ನುವವರು ಯಾರೂ ಇಲ್ಲ. ಆದರೆ ಆಕೆ ಪುಸ್ತಕ ಹಿಡಿದು ಕುಳಿತ ಕ್ಷಣಕ್ಕೇ ಒಬ್ಬರಿಗೆ ಕಾಫಿ ಬೇಕಾಗುತ್ತದೆ, ಇನ್ನೊಬ್ಬರಿಗೆ ಅಂಗಿಯ ಗುಂಡಿ ಸಿಕ್ಕುವುದಿಲ್ಲ. ಯಜಮಾನರು ಪತ್ರಿಕೆಯಲ್ಲಿಯೋ ಮೊಬೈಲಿನಲ್ಲಿಯೋ ತಲೆಯಿಟ್ಟಿದ್ದರೆ ಅವರನ್ನು ಯಾರೂ ಕರೆಯರು. ಅದು ಕೆಲಸವೆಂದು ಎಲ್ಲರೂ ಒಪ್ಪಿರುತ್ತಾರೆ. ತಾಯಿಯು ಕುಳಿತು ಓದುವುದನ್ನು ಎಂದೂ ಕಂಡಿಲ್ಲದ ಹುಡುಗನಿಗೆ ದಿನಕ್ಕಿಷ್ಟು ಪುಟವೆಂದು ಕಟ್ಟುಮಾಡಿ ಫಲವೇನು?

ರಾಸಸುಂದರಿಯ ವೃತ್ತಾಂತದಲ್ಲಿ ಇನ್ನೊಂದು ಸಂಗತಿ ಉಳಿದಿದೆ. ಓದಲು ಬಂದ ಮೇಲೆಯೂ ಆಕೆಗೆ ಬಹುಕಾಲ ಬರೆಯಲು ಬರುತ್ತಿರಲಿಲ್ಲ. ಅದೇಕೆಂದರೆ ಓದನ್ನು ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ಕದಿಯಬಹುದು; ಬರವಣಿಗೆಗೆ ಕಾಗದ ಬೇಕು, ಮಸಿ ಬೇಕು, ಲೇಖನಿ ಬೇಕು, ಎಲ್ಲರೂ ಕಾಣುವಂತೆ ಒಂದು ಕಡೆ ಕುಳಿತುಕೊಳ್ಳಬೇಕು. ಮಗ ಕಿಶೋರಿಲಾಲನು, ತಾನು ಬರೆಯುವ ಕಾಗದಗಳಿಗೆ ತಾಯಿಯಿಂದ ಉತ್ತರವೇ ಬರುವುದಿಲ್ಲವೆಂದು ಆಕ್ಷೇಪಿಸಿ, ಬರೆಯುವ ಸಾಮಗ್ರಿಯನ್ನೆಲ್ಲ ತಾನೇ ತಂದು ಮುಂದಿಟ್ಟನು. ಆಮೇಲೆ ಗಂಡನ ಚಿಕಿತ್ಸೆಗಾಗಿ ಕೆಲಕಾಲ ಬೇರೆ ಊರಿನಲ್ಲಿ ಇರಬೇಕಾಗಿ ಬಂದಿತು. ಅಲ್ಲಿ ಮನೆಗೆಲಸ ಕಡಿಮೆ. ಮಗನ ಕಾಗದಕ್ಕೆ ಉತ್ತರ ಬರೆಯಬೇಕೆಂದು ಆಕೆ ಅಲ್ಲಿ ಅಕ್ಷರ ತಿದ್ದಲು ಕುಳಿತಳು. 1868ರಲ್ಲಿ ವಿಧವೆಯಾದಳು, ಜೀವನ ಚರಿತ್ರೆಯು ಅಚ್ಚಾಗುವಾಗ ಅರುವತ್ತು ದಾಟಿದ್ದಿತು. ಅಷ್ಟಕ್ಕೇ ನಿಲ್ಲಿಸದೆ, ಎಂಬತ್ತು ಮೀರಿದ ಮೇಲೆ ಅದಕ್ಕೆ ಎರಡನೆಯ ಭಾಗವನ್ನೂ ಬರೆದು ಸೇರಿಸಿದಳು.