ಸಹಿಗೆ ಮುಂಚೆ

ಹಬ್ಬಕ್ಕೆ ಹೋದವಳಿಗೆ ಸೀರೆ ಕೊಟ್ಟು, ಕುಂಕುಮ ಇಡಿಸಿ, ತಮ್ಮ ಮೆಲ್ಲಗೆ ಹಕ್ಕುಬಿಡುಗಡೆ ಪತ್ರ ಮುಂದಿಟ್ಟ. "ಅಕ್ಕಾ, ಇಲ್ಲೊಂದು ಸಹಿ ಹಾಕು." ಶಿರಸಿ ಸೀಮೆಯ ನಮ್ಮ ಅಡಿಕೆ ತೋಟ ಮಾರುವುದಂತೆ. ನಾನು ಹಾಕಲಿಲ್ಲ. ಆಸೆಬುರುಕಿ ಎಂದರು, ಅನ್ನಲಿ.

ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರೆ ಜಮೀನು ಚೂರಾಗುತ್ತದೆ ಎನ್ನುತ್ತಾರೆ. ಇಡೀ ತೋಟವನ್ನೇ ಮಾರಹೊರಟವರು ಯಾರು ಸ್ವಾಮಿ? 1994ರಲ್ಲಿ ಕರ್ನಾಟಕ ನಮಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ನನ್ನಂತೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಮಾತ್ರ ಇಲ್ಲ. 2005ರಲ್ಲಿ ಆ ಅಡ್ಡಿಯೂ ಹೋಯಿತು. ಹೋದರೇನು, ಒಂದು ಸೀರೆಗೆ ಸಹಿ ಹಾಕಿ ಬರುವವರು ನಾವೇ.

ತೋಟ ಹೋದರೆ ಸೊಪ್ಪಿನ ಬೆಟ್ಟವೂ ಹೋಯಿತು. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು-ದರಕು ತೋಟದವರದ್ದು. ಅಜ್ಜ ಸೊಪ್ಪು ಕಡಿಸುವಾಗ ಮರದ ತುದಿ ಮುಟ್ಟಗೊಡುತ್ತಿರಲಿಲ್ಲ. ಈ ವರ್ಷ ಕಡಿದ ಮರಕ್ಕೆ ಮುಂದಿನ ವರ್ಷ ಕತ್ತಿ ತಾಗುವಂತಿಲ್ಲ. ಈಗ ಸರ್ಕಾರದ ನೆಲ ತಾನೇ ಎಂಬ ಉಡಾಫೆಯಲ್ಲಿ ನಮ್ಮ ಮತ್ತಿ ಮರಗಳು ಬೋಳುಗಂಬವಾಗಿವೆ. ದರಕು ಉದುರಬೇಕಾದ ಇಳಿಜಾರಿನಲ್ಲಿ ಜಂಬಿಟ್ಟಿಗೆ ಕಲ್ಲು ಎದ್ದಿದೆ.

ತಮ್ಮನಿಗೆ ಹೇಳಿದ್ದೇನೆ: ಅಳತೆ, ಭಾಗ ಬೇಡ. ತೋಟ ಒಟ್ಟಿಗಿರಲಿ, ಪಹಣಿಯಲ್ಲಿ ನನ್ನ ಹೆಸರೂ ಇರಲಿ. ನನ್ನ ಪಾಲಿನ ಅಡಿಕೆ ದುಡ್ಡಿನಲ್ಲಿ ಬೆಟ್ಟಕ್ಕೆ ಸಸಿ ನೆಡಿಸು, ಐದು ವರ್ಷ ಕತ್ತಿ ಹಾಕಿಸಬೇಡ.

ಅವನಿನ್ನೂ ಉತ್ತರಿಸಿಲ್ಲ. ಸೀರೆ ಕಪಾಟಿನಲ್ಲಿದೆ.