ಇಟ್ಕೊಳ್ತೀರಾ, ಮಾರ್ತೀರಾ?

ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಮೂರನೇ ಹಲಗೆಯಲ್ಲಿ, ಬ್ರೇಕ್ ಆಯಿಲ್ ಡಬ್ಬಿಗಳ ಪಕ್ಕ ಗೇಣುದ್ದದ ಬಾಟಲಿಗಳ ಒಂದು ಸಾಲಿದೆ. ಹೆಡ್ ಗ್ಯಾಸ್ಕೆಟ್ ಸೋರಿಕೆ ನಿಲ್ಲಿಸುವ ಔಷಧಿ. ರೇಡಿಯೇಟರ್‌ಗೆ ಸುರಿದು ಗಾಡಿ ಸ್ಟಾರ್ಟ್ ಮಾಡಿದರಾಯಿತು, ಇಂಜಿನ್ ಬಿಚ್ಚುವ ಗೋಜೇ ಇಲ್ಲ ಅನ್ನುತ್ತದೆ ಲೇಬಲ್ಲು. ಹಾಸನದ ಬಿ.ಎಂ. ರಸ್ತೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟು 26 ವರ್ಷವಾಯಿತು. ಆ ಬಾಟಲಿ ಎಷ್ಟು ಮಾರಿದ್ದೇನೋ ಲೆಕ್ಕವಿಲ್ಲ. ಈಚೆಗೆ ಕೆಲವು ವರ್ಷಗಳಿಂದ ಮಾತ್ರ, ಅದನ್ನು ಕೇಳಿಕೊಂಡು ಬಂದವರಿಗೆ ರೇಟು ಹೇಳುವ ಮೊದಲು ಒಂದು ಮಾತು ಕೇಳುತ್ತೇನೆ: “ಗಾಡಿ ಇಟ್ಕೊಳ್ತೀರಾ, ಮಾರ್ತೀರಾ?”

ಕೆಲವರು ನಗುತ್ತಾರೆ. ಕೆಲವರಿಗೆ ಸಿಟ್ಟು ಬರುತ್ತದೆ. “ನಿಂಗ್ಯಾಕಯ್ಯಾ ಅದೆಲ್ಲ, ದುಡ್ಡು ತಗೊಂಡು ಬಾಟ್ಲಿ ಕೊಡು” ಅಂದವರೂ ಉಂಟು. ಯಾಕೆ ಕೇಳುತ್ತೇನೆ ಅನ್ನುವುದಕ್ಕೆ ಒಂದು ಕಥೆಯಿದೆ, ಆಮೇಲೆ ಹೇಳುತ್ತೇನೆ.

ನಮ್ಮೂರು ಕೂತಿರುವ ಜಾಗವೇ ಅಂಥದ್ದು. ಮಂಗಳೂರು ಕಡೆಯಿಂದ ಶಿರಾಡಿ ಘಾಟಿ ಹತ್ತಿ ಬರುವ ಗಾಡಿಗಳಲ್ಲಿ ಹೀಟ್ ಆಗಿ ನಿಲ್ಲುವಂಥವು ಇದ್ದೇ ಇರುತ್ತವೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಬೇರೆ, ಸೆಕೆಂಡ್ ಗೇರು. ಮುಳ್ಳು ಕೆಂಪಿಗೆ ಏರಿದ್ದು ಡ್ರೈವರ್ ಕಣ್ಣಿಗೆ ಬಿದ್ದೇ ಇರುತ್ತದೆ. ಆದರೆ “ಇನ್ನೇನು ಸಕಲೇಶಪುರ ಬಂತಲ್ಲ, ಅಲ್ಲೇ ಕಾಫಿಗೆ ನಿಲ್ಲಿಸೋಣ” ಅನ್ನುತ್ತಾನೆ. ನಾನು ಕಂಡಂತೆ ಗ್ಯಾಸ್ಕೆಟ್ ಹೋಗುವುದು ಈ ‘ಇನ್ನೇನು ಬಂತಲ್ಲ’ ಅನ್ನುವ ಎಂಟು ಹತ್ತು ಕಿಲೋಮೀಟರ್‌ನಲ್ಲಿ.

ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ತೆಳು ಹಾಳೆ. ಅಷ್ಟು ಜಾಗದಲ್ಲಿ ಬೆಂಕಿ, ಎಣ್ಣೆ, ನೀರು ಮೂರೂ ಒಂದರ ಪಕ್ಕ ಒಂದು ಓಡಾಡುತ್ತವೆ; ಒಂದು ಇನ್ನೊಂದರ ಮನೆಗೆ ನುಗ್ಗದ ಹಾಗೆ ಕಾಯುವುದು ಅದರ ಕೆಲಸ. ಹಳೆಯ ಅಂಬಾಸಡರಿನ 1489 ಸಿ.ಸಿ. ಇಂಜಿನ್ನಿನಲ್ಲಿ ಬ್ಲಾಕೂ ಕಬ್ಬಿಣ, ಹೆಡ್ಡೂ ಕಬ್ಬಿಣ. ಕಾದರೆ ಎರಡೂ ಜೊತೆಯಾಗಿ ಹಿಗ್ಗುತ್ತಿದ್ದವು. ಆಮೇಲೆ ತೂಕ ಇಳಿಸಲು ಹೆಡ್ ಅಲ್ಯೂಮಿನಿಯಂ ಆಯಿತು. ಅದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಡುವುದಿಲ್ಲ, ಹೆಡ್ಡು ಕೇಳುವುದಿಲ್ಲ. ಕೊನೆಗೆ ಅದು ಬಾಗುತ್ತದೆ.

ನಮ್ಮ ಹಿಂದಿನ ಗಲ್ಲಿಯಲ್ಲಿ ಗ್ಯಾರೇಜು ಇಟ್ಟಿರುವ ಭಾಯ್ ಹೆಡ್ ನೋಡುವ ರೀತಿಯನ್ನು ನಾನು ಎಷ್ಟು ಸಲ ನೋಡಿದರೂ ಬೇಸರವಿಲ್ಲ. ಹೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಹೆರೆದು, ಮೇಜಿನ ಮೇಲೆ ಮಗುಚಿ ಮಲಗಿಸುತ್ತಾರೆ. ಮೂಲೆಯಿಂದ ಮೂಲೆಗೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಆಚೆಯಿಂದ ಟಾರ್ಚ್ ಬಿಟ್ಟು, ಈಚೆಯಿಂದ ಒಂದು ಕಣ್ಣು ಮುಚ್ಚಿ ಬಗ್ಗುತ್ತಾರೆ. ಬೆಳಕಿನ ಎಳೆ ಕಂಡ ಕಡೆ ಫೀಲರ್ ಗೇಜಿನ ಎಲೆ ತೂರಿಸುತ್ತಾರೆ. ಸಣ್ಣ ಕಾರುಗಳಿಗೆ 0.05 ಮಿಲಿಮೀಟರ್ ದಾಟುವಂತಿಲ್ಲ. ಅದು ತೆಳ್ಳನೆ ಕೂದಲಿನ ದಪ್ಪ. ಅದಕ್ಕಿಂತ ಹೆಚ್ಚಿದ್ದರೆ ಲೇತಿಗೆ ಕಳಿಸಿ ಫೇಸಿಂಗ್ ಹೊಡೆಸಬೇಕು. ಆ ಕೂದಲೆಳೆ ಸಂದಿಯನ್ನು ಮುಚ್ಚುತ್ತೇನೆ ಅಂತಲೇ ನನ್ನ ಬಾಟಲಿ ಹೇಳಿಕೊಳ್ಳುವುದು.

ಬಾಟಲಿಯೊಳಗೆ ಏನಿರುತ್ತದೆ? ಹಲವು ಬ್ರಾಂಡ್‌ಗಳಲ್ಲಿ ಮುಖ್ಯ ಸರಕು ಸೋಡಿಯಂ ಸಿಲಿಕೇಟ್, ದ್ರವರೂಪದ ಗಾಜು ಅನ್ನಿ. ಬಿಸಿ ಸಂದಿಗೆ ತಾಗಿದಾಗ ನೀರು ಆವಿಯಾಗಿ ಗಾಜಿನಂಥ ಪೊರೆ ಕಟ್ಟುತ್ತದೆ. ಜೊತೆಗೆ ತಾಮ್ರದ ಹುಡಿ, ನಾರು, ಇನ್ನೇನೋ ಪುಡಿ. ಐಡಿಯಾ ಹೊಸದಲ್ಲ. ಲಾರಿಯವರು ಅಡುಗೆ ಡಬ್ಬಿಯಿಂದ ಒಂದು ಹಿಡಿ ಅರಿಶಿನ ತೆಗೆದು ರೇಡಿಯೇಟರಿಗೆ ಹಾಕಿ ಊರು ಮುಟ್ಟಿದ್ದನ್ನು, ಟ್ಯಾಂಕ್ ಸೋರಿದರೆ ಬಟ್ಟೆ ಸೋಪು ಮೆತ್ತಿದ್ದನ್ನು ನಾನೇ ಕಂಡಿದ್ದೇನೆ. ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿ ನಾಟಿಲಸ್ 1958ರಲ್ಲಿ ಕಂಡೆನ್ಸರ್ ಸೋರಿಕೆಯಿಂದ ಕಂಗಾಲಾಗಿದ್ದಾಗ, ಅದರ ನಾವಿಕರು ಸಿಯಾಟಲ್ ಊರಿನ ಅಂಗಡಿಗಳಿಗೆ ಹೋಗಿ ಕಾರಿನ ರೇಡಿಯೇಟರಿಗೆ ಹಾಕುವ ಇದೇ ಜಾತಿಯ ಡಬ್ಬಿಗಳನ್ನು ಕೊಂಡು ತಂದು ಸುರಿದರು. ಸೋರಿಕೆ ನಿಂತಿತು. ಆ ವರ್ಷದ ಆಗಸ್ಟ್ 3ರಂದು ಹಡಗು ಉತ್ತರ ಧ್ರುವದ ಹಿಮದಡಿಯಲ್ಲಿ ಹಾದುಹೋಯಿತು. ನನ್ನಂಥ ಅಂಗಡಿಯವನಿಗೆ ಎದೆಯುಬ್ಬಿಸಿಕೊಂಡು ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೇ?

ಅದರ ಜೊತೆಯಲ್ಲೇ ಇನ್ನೊಂದನ್ನೂ ಹೇಳಬೇಕು. 2009ರಲ್ಲಿ ಅಮೆರಿಕ ಸರ್ಕಾರ ಹೆಚ್ಚು ಪೆಟ್ರೋಲ್ ಕುಡಿಯುವ ಹಳೆ ಗಾಡಿ ಕೊಟ್ಟವರಿಗೆ ಹೊಸ ಗಾಡಿಯ ಮೇಲೆ 4500 ಡಾಲರ್‌ವರೆಗೆ ರಿಯಾಯಿತಿ ಕೊಟ್ಟಿತು. ಆ ಹಳೆ ಗಾಡಿಗಳು ಮತ್ತೆ ರಸ್ತೆಗೆ ಇಳಿಯಬಾರದಲ್ಲ? ಆಯಿಲ್ ಇಳಿಸಿ, ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಹಾಕಿ ಇಂಜಿನ್ ಓಡಿಸಲು ಆದೇಶವಿತ್ತು. ಕೆಲವೇ ನಿಮಿಷಗಳಲ್ಲಿ ಇಂಜಿನ್ ಜಾಮ್. ಹಾಗೆ ಸತ್ತ ಗಾಡಿಗಳು 6.5 ಲಕ್ಷಕ್ಕೂ ಹೆಚ್ಚು. ನೀರಿನ ದಾರಿಯಲ್ಲಿ ಔಷಧಿಯಾದದ್ದು ಎಣ್ಣೆಯ ದಾರಿಯಲ್ಲಿ ವಿಷ. ನೀರು ಎಣ್ಣೆ ಎರಡನ್ನೂ ಬೇರೆ ಇಡಬೇಕಾದ ಹಾಳೆಯೇ ಹರಿದಿರುವಾಗ ಇದು ಸ್ವಲ್ಪ ಯೋಚಿಸಬೇಕಾದ ಸಂಗತಿ.

ಹಾಗಾದರೆ ಬಾಟಲಿ ಮೋಸವೇ? ಅಲ್ಲ. ರೇಡಿಯೇಟರಿನ ಪುಟ್ಟ ತೂತು, ಹೊರಗಡೆ ಹನಿ ಹನಿ ಜಿನುಗುವ ನೀರು, ಇಂಥವಕ್ಕೆ ಅದು ಕೆಲಸ ಮಾಡುತ್ತದೆ. ಅಲ್ಲಿನ ಒತ್ತಡ ಕ್ಯಾಪ್ ಬಿಟ್ಟಷ್ಟು, ಸುಮಾರು ಒಂದು ಬಾರ್. ಆದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಹೊತ್ತಿದಾಗ ಒತ್ತಡ ಅದರ ಐವತ್ತರಷ್ಟು ಏರುತ್ತದೆ, ನಿಮಿಷಕ್ಕೆ ಸಾವಿರ ಸಲಕ್ಕೂ ಮೇಲೆ. ಗ್ಯಾಸ್ಕೆಟ್ ಸಿಲಿಂಡರ್ ಕಡೆಯಿಂದ ಒಡೆದಿದ್ದರೆ ಆ ಗಾಜಿನ ಪೊರೆ ಎಷ್ಟು ದಿನ ತಡೆದೀತು? ಒಂದು ವಾರ ಇರಬಹುದು, ಮೂರು ತಿಂಗಳೂ ಇರಬಹುದು. ಅಷ್ಟರಲ್ಲಿ ಉಳಿದ ಪುಡಿ ರೇಡಿಯೇಟರಿನ ಸಣ್ಣ ನಾಳಗಳಲ್ಲಿ, ಹೀಟರಿನಲ್ಲಿ, ಥರ್ಮೋಸ್ಟ್ಯಾಟಿನ ಬಾಯಲ್ಲಿ ಕೂತಿರುತ್ತದೆ. ಸಿಲಿಕೇಟ್ ಇರುವ ಬಾಟಲಿಯಾದರೆ ಕೂಲೆಂಟ್ ಪೂರ್ತಿ ತೆಗೆದು ಬರೀ ನೀರು ತುಂಬಿ ಹಾಕಿ ಅಂತ ಹಲವು ಲೇಬಲ್‌ಗಳಲ್ಲೇ ಬರೆದಿರುತ್ತದೆ, ಸಣ್ಣ ಅಕ್ಷರದಲ್ಲಿ. ಓದುವವರಿಲ್ಲ. ಕೂಲೆಂಟ್ ಜೊತೆ ಬೆರೆತು ಅದು ಗಂಜಿಯಾಗುತ್ತದೆ. ಆ ಗಂಜಿ ತೊಳೆಯುವಾಗ ಭಾಯ್ ಬಾಯಲ್ಲಿ ಬರುವ ಮಾತು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಇನ್ನೊಂದು. ಗ್ಯಾಸ್ಕೆಟ್ ತಾನಾಗಿ ಹೋಗುವುದು ಅಪರೂಪ. ಫ್ಯಾನ್ ತಿರುಗಿರುವುದಿಲ್ಲ, ವಾಟರ್ ಪಂಪ್ ಸವೆದಿರುತ್ತದೆ, ಇಲ್ಲವೇ ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿ ಒಳಗೆಲ್ಲ ಸುಣ್ಣ ಕಟ್ಟಿರುತ್ತದೆ. ನಮ್ಮ ಕಡೆ ಮೆಕ್ಯಾನಿಕ್ಕುಗಳಿಗೆ ಥರ್ಮೋಸ್ಟ್ಯಾಟ್ ಕಿತ್ತೆಸೆಯುವ ಚಟ ಬೇರೆ. ನೂರೈವತ್ತು ರೂಪಾಯಿಯ ರೇಡಿಯೇಟರ್ ಕ್ಯಾಪಿನ ರಬ್ಬರ್ ಸತ್ತಿದ್ದರೂ ಸಾಕು. ಹಾಸನ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಗಟ್ಟಿ ಕ್ಯಾಪ್ ಇದ್ದರೆ 115 ದಾಟಿದರೂ ಕುದಿಯದು. ಕಾರಣ ಹಾಗೇ ಬಿಟ್ಟು ಬಾಟಲಿ ಸುರಿದರೆ ಮುಂದಿನ ಘಾಟಿಯಲ್ಲಿ ಮತ್ತೆ ಅದೇ ಹೊಗೆ.

ಈಗ ಆ ಕಥೆ. ಒಂದು ಸಂಜೆ ಕಾಲೇಜಿನ ಮೇಷ್ಟ್ರೊಬ್ಬರು ಬಂದರು, ಹೊಸದಾಗಿ ಕೊಂಡ ಹಳೆ ಕಾರು. ಮೂರು ವಾರದಲ್ಲಿ ಎರಡು ಸಲ ಕುದಿದಿತ್ತು. ಗಾಡಿ ತಣ್ಣಗಾಗಲಿ ಅಂತ ಮುಕ್ಕಾಲು ಗಂಟೆ ಕಾಯಿಸಿ, ಟೀ ಕುಡಿಸಿ, ಕ್ಯಾಪ್ ತೆಗೆದು ಬೆರಳಾಡಿಸಿದೆ. ಬೆರಳ ತುದಿಗೆ ತಾಮ್ರದ ಬಣ್ಣದ ಮಿಂಚು, ಜಾತ್ರೆಯ ಬಳೆ ಅಂಗಡಿಯ ಜರಿ ಪುಡಿಯ ಹಾಗೆ. ಆಗ ಗಾಡಿಯ ಮುಂದೆ ಹೋಗಿ ನಂಬರ್ ನೋಡಿದೆ. ಗೊತ್ತಿದ್ದ ನಂಬರು. ಒಂದು ತಿಂಗಳ ಹಿಂದೆ ಅದರ ಮೊದಲ ಯಜಮಾನರಿಗೆ, ನಮ್ಮ ಖಾಯಂ ಗಿರಾಕಿಗೆ, ಆ ಬಾಟಲಿ ಕೊಟ್ಟದ್ದು ನಾನೇ. “ಎರಡು ತಿಂಗಳು ಓಡಿದ್ರೆ ಸಾಕು ಕಣ್ರೀ” ಅಂದಿದ್ದರು. ನಾನೂ ನಕ್ಕಿದ್ದೆ.

ಮೇಷ್ಟ್ರಿಗೆ ಆವತ್ತು ನಾನು ಹೇಳಲಿಲ್ಲ. ಗ್ಯಾಸ್ಕೆಟ್ ಹೋಗಿದೆ, ಭಾಯ್ ಹತ್ತಿರ ತೋರಿಸಿ ಅಂದೆ, ಅಷ್ಟೇ. ಹೆಡ್ ಫೇಸಿಂಗ್, ಗ್ಯಾಸ್ಕೆಟ್ ಕಿಟ್, ಕಟ್ಟಿಕೊಂಡ ರೇಡಿಯೇಟರ್, ಕೂಲಿ ಎಲ್ಲ ಸೇರಿ 14,000 ಚಿಲ್ಲರೆ ಆಯಿತು. ಗ್ಯಾಸ್ಕೆಟ್ ಕಿಟ್ಟನ್ನೂ ನನ್ನ ಅಂಗಡಿಯಿಂದಲೇ ತೆಗೆದುಕೊಂಡರು. ಒಂದೇ ಸೋರಿಕೆಗೆ ನನಗೆ ಎರಡು ವ್ಯಾಪಾರ.

ನಮ್ಮ ಗಿರಾಕಿ ವಕೀಲರೊಬ್ಬರಿಗೆ ಇದನ್ನು ಹೇಳಿಕೊಂಡೆ. ಹಳೆ ಗಾಡಿ ಕೊಳ್ಳುವಾಗ ನೋಡಿ ಕೊಳ್ಳುವ ಹೊಣೆ ಹೆಚ್ಚಾಗಿ ಕೊಳ್ಳುವವನದೇ, ಸುಮ್ಮನಿದ್ದದ್ದಕ್ಕೇ ವಂಚನೆ ಅನ್ನಲಾಗದು ಅಂದರು. ಆದರೆ 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಮೋಸ ಮಾಡುವ ಉದ್ದೇಶದಿಂದ ಗೊತ್ತಿರುವ ಸಂಗತಿಯನ್ನು ಬೇಕೆಂದೇ ಮುಚ್ಚಿಟ್ಟರೆ ಅದು ವಂಚನೆ. ಸುಮ್ಮನಿರುವುದು ಬೇರೆ, ಮುಚ್ಚಿಡುವುದು ಬೇರೆ. ಮಾರುವ ಗಾಡಿಗೆ ಬಾಟಲಿ ಸುರಿಯುವುದನ್ನು ಮುಚ್ಚಿಡುವುದು ಅನ್ನದೆ ಇನ್ನೇನು ಅನ್ನೋಣ?

ಬಡವರ ಗಾಡಿಯ ಮಾತು ಬಂದೇ ಬರುತ್ತದೆ. ನಲವತ್ತು ಸಾವಿರಕ್ಕೂ ಹೋಗದ ಗಾಡಿಗೆ ಹತ್ತು ಸಾವಿರ ಸುರಿಯುವುದು ಹೇಗೆ? ತರಕಾರಿ ಸಾಗಿಸುವ ಓಮ್ನಿಯವನೊಬ್ಬ ಮಗಳ ಫೀಸು ಕಟ್ಟಿದ ತಿಂಗಳು ಬಂದು ಬಾಟಲಿ ಕೇಳಿದ. ಇಟ್ಕೊಳ್ತೀನಿ ಅಣ್ಣಾ, ಯುಗಾದಿ ಆದ್ಮೇಲೆ ಬಿಚ್ಚಿಸ್ತೀನಿ ಅಂದ. ಕೊಟ್ಟೆ, ಕೂಲೆಂಟ್ ತೆಗೆಯಲು ಹೇಳಿ, ಹಾಕುವುದನ್ನು ನಿಂತು ತೋರಿಸಿ ಕೊಟ್ಟೆ. ಅವನ ಗಾಡಿ, ಅವನ ಲೆಕ್ಕಾಚಾರ. ಕುದಿದರೆ ರಸ್ತೆ ಬದಿ ನಿಲ್ಲುವವನೂ ಅವನೇ. ತಾನು ನಿಲ್ಲುವುದು ಬೇರೆ, ಗೊತ್ತಿಲ್ಲದ ಇನ್ನೊಬ್ಬನನ್ನು ಹೆಂಡತಿ ಮಕ್ಕಳ ಸಮೇತ ಘಾಟಿಯಲ್ಲಿ ನಿಲ್ಲಿಸುವುದು ಬೇರೆ. ಬಾಟಲಿ ಮಾರುವ ನಾವು ಈ ಎರಡನ್ನೂ ಒಂದೇ ರೇಟಿಗೆ ಮಾರುತ್ತಿದ್ದೇವೆ. ಆ ಒಂದು ಪ್ರಶ್ನೆ ಕೇಳುವುದಕ್ಕೆ ಯಾವ ಅಂಗಡಿಯವನಿಗೂ ಖರ್ಚಿಲ್ಲ.

ಕೊಳ್ಳುವವರು ಮಾಡಬೇಕಾದದ್ದೂ ದೊಡ್ಡದಲ್ಲ. ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ಹೋಗಿ. ನೀವು ಬರುವ ಮೊದಲೇ ಗಾಡಿ ಬಿಸಿಯಾಗಿದ್ದರೆ ಯಾಕೆ ಅಂತ ಕೇಳಿ. ಕ್ಯಾಪ್ ತೆಗೆದು ಬೆರಳಾಡಿಸಿ. ಕ್ಯಾಪ್ ಇಲ್ಲದೆಯೇ ಸ್ಟಾರ್ಟ್ ಮಾಡಿಸಿದರೆ, ಒಡೆದ ಗ್ಯಾಸ್ಕೆಟ್ ಆಗಿದ್ದಲ್ಲಿ ಸೋಡಾದ ಹಾಗೆ ಗುಳ್ಳೆ ಏಳುತ್ತಲೇ ಇರುತ್ತದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣದ ಜಿಡ್ಡು ಇದೆಯೋ ನೋಡಿ.

ಮೊನ್ನೆ ಶನಿವಾರ ಒಬ್ಬ ಹುಡುಗ ಬಂದ, ಇಪ್ಪತ್ತೈದು ವರ್ಷ ಇರಬಹುದು. ಬಾಟಲಿ ಕೇಳಿದ. ನಾನು ನನ್ನ ಪ್ರಶ್ನೆ ಕೇಳಿದೆ. ಪಾಪ, ಸುಳ್ಳು ಹೇಳಲಿಲ್ಲ. “ಮಾರ್ತೀನಿ ಅಣ್ಣಾ, ನಾಳೆ ಅರಸೀಕೆರೆಯಿಂದ ಪಾರ್ಟಿ ಬರ್ತಾರೆ.” ಹಾಗಾದ್ರೆ ಇಲ್ಲಪ್ಪಾ ಅಂದೆ. ಹಲಗೆಯ ಮೇಲಿನ ಸಾಲನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದ. ಅಲ್ಲಿ 20 ರೂಪಾಯಿ ಕಡಿಮೆ ಕೂಡ. ಕಪ್ಪು ಕವರಿನಲ್ಲಿ ಹಿಡಿದು ತಂದು, ನನ್ನ ಅಂಗಡಿಯ ಮುಂದೆಯೇ ನಿಲ್ಲಿಸಿದ್ದ ಗಾಡಿಯ ಬಾನೆಟ್ ಎತ್ತಿ, ಪೂರ್ತಿ ಸುರಿದ. ಆಮೇಲೆ ಖಾಲಿ ಬಾಟಲಿ ಕೈಯಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿ, “ಅಣ್ಣಾ, ಒಂದ್ ಮಗ್ ನೀರ್ ಕೊಡ್ತೀರಾ?” ಅಂದ.

ಕೊಟ್ಟೆ.