ಕಚ್ಚುವ ನಾಯಿ: ಮೊದಲು ಕಲಿಯಬೇಕಾದವರು ಯಾರು?

ದೇವನಹಳ್ಳಿ ಸೀಮೆಯ ದ್ರಾಕ್ಷಿ ತೋಟಗಳಿಗೆ ಕಾವಲು ನಾಯಿ ಹೊಸದಲ್ಲ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಭೂಮಿಗೆ ಬೆಲೆ ಬಂದು, ಅಪರಿಚಿತರ ಓಡಾಟವೂ ಹೆಚ್ಚಿತು. ಕೊಳವೆಬಾವಿಯ ಕೇಬಲ್ ರಾತ್ರೋರಾತ್ರಿ ಮಾಯವಾಗುವ ಭಯವಂತೂ ಇದ್ದೇ ಇದೆ. ಆದ್ದರಿಂದ ರೈತನು ನಾಯಿ ಸಾಕುವುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಅದೇ ತೋಟದ ಅಂಚಿನ ದಾರಿಯಲ್ಲಿಯೇ ಬೆಳಗಿನ ಜಾವ ಡೈರಿಗೆ ಹಾಲು ಒಯ್ಯುವ ಹೆಂಗಸರೂ ಶಾಲೆಯ ಮಕ್ಕಳೂ ನಡೆದು ಹೋಗಬೇಕಲ್ಲವೇ?

“ನಮ್ಮ ನಾಯಿ ಯಾರ್ನೂ ಬಿಡಲ್ಲ” ಎಂದು ಮೀಸೆ ತಿರುವಿ ಹೇಳುವ ಯಜಮಾನರನ್ನು ನಮ್ಮ ಕಡೆ ಕಾಣದವರಿಲ್ಲ. ಈ ಹೆಮ್ಮೆಯೇ ತೊಂದರೆಯ ಮೂಲವೆಂದು ನನ್ನ ಅಭಿಪ್ರಾಯ. ಎರಡು ತಿಂಗಳ ಮರಿಯನ್ನು ತಂದು, ಮೂರಡಿ ಸರಪಳಿಯಲ್ಲಿ ಪಂಪ್‌ಹೌಸಿನ ಪಕ್ಕ ಕಟ್ಟುತ್ತಾರೆ. ಹೊರಗಿನವರ ಮುಖ ತೋರಿಸಬಾರದು, ತೋರಿಸಿದರೆ ನಾಯಿ ಮೆತ್ತಗಾಗುತ್ತದೆ ಎಂಬ ನಂಬಿಕೆ ಬೇರೆ. ದಾರಿಹೋಕ ಹುಡುಗರು ಕಲ್ಲೆಸೆದರೆ ಯಜಮಾನರು ನಗುತ್ತಾರೆ. ವರ್ಷ ತುಂಬುವಷ್ಟರಲ್ಲಿ ನಾಯಿ ನಿಜವಾಗಿಯೂ ಯಾರನ್ನೂ ಬಿಡುವುದಿಲ್ಲ; ಮನೆಯ ಮಗುವನ್ನೂ ಕೂಡ.

ನಾಯಿಮರಿಯು ಜನರನ್ನೂ ಸದ್ದುಗಳನ್ನೂ ಹೆದರದೆ ಒಪ್ಪಿಕೊಳ್ಳುವುದು ಹುಟ್ಟಿದ ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗಿನ ಅವಧಿಯಲ್ಲಿ. ಆಗ ಒಂಟಿಯಾಗಿ ಬೆಳೆದ ಮರಿಗೆ ಮುಂದೆ ಪ್ರತಿಯೊಬ್ಬ ಹೊಸಬನೂ ಶತ್ರುವೇ. ಅದರ ಸಿಟ್ಟಿನ ಹಿಂದೆ ಹೆಚ್ಚಾಗಿ ಇರುವುದು ಭಯ. ಕಟ್ಟಿದ ನಾಯಿಗೆ ಓಡಿಹೋಗುವ ದಾರಿಯಿಲ್ಲ. ಮೈಮೇಲೆ ಬೀಳುವುದೊಂದೇ ಅದಕ್ಕೆ ಉಳಿದ ಉಪಾಯ. ಗುರ್ ಎಂದಾಗ ಹೊಡೆಯುವುದು ಇನ್ನೂ ಅಪಾಯಕಾರಿ. ಗುರುಗುಟ್ಟುವುದು ನಾಯಿಯು ಕೊಡುವ ಎಚ್ಚರಿಕೆ. ಪೆಟ್ಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆಯೇ ಹೊರತು ಕಚ್ಚುವುದನ್ನಲ್ಲ.

ಘಾಟಿ ಜಾತ್ರೆಯಿಂದ ಹಳ್ಳಿಕಾರ್ ಜೋಡಿ ತಂದ ರೈತ ಅವನ್ನು ನೊಗಕ್ಕೆ ಒಗ್ಗಿಸಲು ಎಷ್ಟು ತಾಳ್ಮೆ ತೋರುತ್ತಾನೆ! ಮೈ ಸವರುತ್ತಾನೆ, ದಿನವೂ ಒಂದೇ ಮಾತಿನಿಂದ ಕರೆಯುತ್ತಾನೆ, ಬರಿಯ ನೊಗ ಹೂಡಿ ನಡೆಸುತ್ತಾನೆ. ನಾಯಿಗೆ ಮಾತ್ರ ಒಂದು ಸರಪಳಿ, ಒಂದು ತಟ್ಟೆ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನ ತರಬೇತಿ ಶಾಲೆಯಿದೆ. ಅಲ್ಲಿ ನಾಯಿಯ ಜೊತೆಗೆ ಅದನ್ನು ನಡೆಸುವ ಜವಾನನೂ ತರಬೇತಿ ಪಡೆಯುತ್ತಾನೆ. ನಮ್ಮ ತೋಟಗಳಲ್ಲಿ ಈ ಎರಡನೆಯ ಭಾಗವೇ ಇಲ್ಲ.

ಈಗಾಗಲೇ ಕಚ್ಚುವ ಚಾಳಿಗೆ ಬಿದ್ದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸತಕ್ಕದ್ದು. ಕಿವಿಯ ಹುಣ್ಣು, ಕೀಲುನೋವುಗಳಿಂದಲೂ ಸಾಧುಪ್ರಾಣಿ ಸಿಡುಕುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಮಗೆ ಬಳ್ಳಾರಿ ರಸ್ತೆಯಲ್ಲೇ ಸಿಗುತ್ತದೆ. ಆ ಮೇಲೆ ಕುಕ್ಕೆ. ಕಣದಲ್ಲಿ ಎತ್ತಿನ ಬಾಯಿಗೆ ಹಾಕುವಂತೆ ನಾಯಿಗೂ ಕುಕ್ಕೆ ಉಂಟು. ಬಾಯ್ತೆರೆದು ತೇಕಲು, ನೀರು ಕುಡಿಯಲು ಆಸ್ಪದವಿರುವಂಥದನ್ನೇ ಆರಿಸಬೇಕು. ಕುಕ್ಕೆ ಹಾಕಿ, ಹಗ್ಗ ಹಿಡಿದು, ಹೊಸಬನೊಬ್ಬನನ್ನು ನಾಯಿ ಬೊಗಳದಷ್ಟು ದೂರದಲ್ಲಿ ನಿಲ್ಲಿಸಿ. ನಾಯಿ ಸುಮ್ಮನೆ ನೋಡಿದರೆ ಕುಕ್ಕೆಯ ಸಂದಿಯಿಂದ ಒಂದು ತುಣುಕು ಮುದ್ದೆಯನ್ನೋ ಮೊಟ್ಟೆಯನ್ನೋ ಕೊಡಿ. ನಾಲ್ಕಾರು ದಿನ ಕಳೆದ ಮೇಲೆ ಹತ್ತು ಹೆಜ್ಜೆ ಹತ್ತಿರ. ಬೊಗಳಿದರೆ ಪುನಃ ಹಿಂದಕ್ಕೆ. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುವ ಕೆಲಸವಿದು. ಮನೆಮಂದಿಯೆಲ್ಲ ಒಂದೇ ಆಜ್ಞೆ ಬಳಸಬೇಕು. ಅಪ್ಪ ‘ಬೇಡ’ ಎಂದು, ಮಗ ‘ಹಿಡಿ’ ಎಂದು ಹುರಿದುಂಬಿಸುವ ಮನೆಯಲ್ಲಿ ಯಾವ ನಾಯಿಯೂ ಕಲಿಯಲಾರದು. ಹೀಗೆ ಪಳಗಿದ ನಾಯಿ ಕಾವಲು ಮರೆಯುತ್ತದೆಂಬ ಶಂಕೆ ಬೇಡ. ಕಳ್ಳನನ್ನು ಓಡಿಸಲು ಬೊಗಳು ಸಾಕು.

ತಳಿಯ ಮೇಲೆ ತಪ್ಪು ಹೊರಿಸುವವರೂ ಉಂಟು. ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳನ್ನು ನಿಷೇಧಿಸುವಂತೆ 2024ರ ಮಾರ್ಚ್‌ನಲ್ಲಿ ಕೇಂದ್ರ ಹೊರಡಿಸಿದ ಸುತ್ತೋಲೆಯನ್ನು ನಮ್ಮ ಹೈಕೋರ್ಟ್ ಮರುತಿಂಗಳೇ ರದ್ದುಗೊಳಿಸಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು, ನಿಜ. ಆದರೆ ನಮ್ಮ ನಾಟಿ ನಾಯಿಯ ಹಲ್ಲೂ ಮಗುವಿನ ಮುಖಕ್ಕೆ ಸಾಕಷ್ಟು ಹಾನಿ ಮಾಡಬಲ್ಲದು. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನು ತಳಿಯನ್ನು ಕೇಳುವುದಿಲ್ಲ.

ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ನಂತರ ವೈದ್ಯರು ಹೇಳಿದಂತೆ ವರ್ಷ ವರ್ಷ ಮುಂದುವರಿಸಬೇಕು. ಯಾರಿಗಾದರೂ ಕಚ್ಚಿದರೆ ಸುಣ್ಣ, ಅರಿಸಿನ, ಖಾರದಪುಡಿ ಮೆತ್ತದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಕರೆದೊಯ್ಯುವ ಹೊಣೆ ನಾಯಿಯ ಯಜಮಾನರದೇ. ಎಲ್ಲ ಚುಚ್ಚುಮದ್ದು ಮುಗಿಯುವ ತನಕ ಅವರ ಕೂಲಿ, ಬಸ್ ಚಾರ್ಜು ಸಹ.